ದಿನಕ್ಕೆ ಎರಡೇ ಗಂಟೆ ಇರುವವರ ಸಿಇಟಿ

(ಮುಂಬೈ ಬಳಿಯ ಡೊಂಬಿವಲಿಯಲ್ಲಿ ಒಂದು ಭಾನುವಾರ ಸಂಜೆ, ಪ್ರವೇಶ ಪರೀಕ್ಷೆಯಾದ ಸಿಇಟಿ ಬರೆಯಲಿರುವ ಹನ್ನೆರಡನೇ ತರಗತಿಯ ಮಕ್ಕಳು ಮತ್ತು ಪೋಷಕರ ಮುಂದೆ ಮ್ಯಾಥ್ಸ್ ಮೇಷ್ಟ್ರೊಬ್ಬರು ಆಡಿದ ಮಾತಿನ ಬರಹ ರೂಪ)

ದಿನಕ್ಕೆ ಹತ್ತು ಗಂಟೆ ಓದುವವರು ಕೈ ಎತ್ತಿ ನೋಡೋಣ. ಒಂದು, ಎರಡು. ಹಿಂದಿನ ಸಾಲಿನಲ್ಲಿ ಮೂರನೆಯದೊಂದು ಕೈ ಮೇಲೆ ಬಂತು, ಪಕ್ಕದಲ್ಲಿದ್ದ ಅಮ್ಮ ಅದನ್ನು ಕೆಳಗೆ ಎಳೆದರು. ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ.

ಹತ್ತು ಗಂಟೆಯವರಿಗೆ ನನ್ನಿಂದ ಅಂಥ ಉಪಯೋಗವೇನೂ ಇಲ್ಲ. ಹೊರಗೆ ಚಹಾ ಇಟ್ಟಿದ್ದಾರೆ, ಬೇಕಾದರೆ ಕುಡಿದು ಬನ್ನಿ. ನಾನು ಇವತ್ತು ಮಾತಾಡುವುದು ಉಳಿದವರ ಜೊತೆ. ಕಾಲೇಜು ಮುಗಿಸಿ ಸಂಜೆ ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರುವ ಹುಡುಗ ಇದ್ದಾನೆ. ಬದಲಾಪುರದಿಂದ ದಾದರ್‌ಗೆ ಹೋಗಿ ಬಂದು ಮಾಡುವವರು ಇದ್ದೀರಿ. ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುತ್ತಾ ಓದುವ ಹುಡುಗಿಯೊಬ್ಬಳು ನನ್ನ ಬಳಿ ಬರುತ್ತಾಳೆ. ನಿಮಗೆಲ್ಲ ದಿನಕ್ಕೆ ಎರಡು ಗಂಟೆ ಸಿಕ್ಕರೆ ಜಾಸ್ತಿ. ಅಷ್ಟರಲ್ಲಿ ಏನು ಮಾಡಬಹುದು?

ನಾನು ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಈ ಊರಿಗೆ ಬಂದವನು. ಹಗಲು ಮುಂಬೈಯ ಫೋರ್ಟಿನ ಒಂದು ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡದ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಮುಂಬೈಯಲ್ಲಿ ಆ ರಾತ್ರಿ ಶಾಲೆಗಳು ಇದ್ದದ್ದೇ ನಮ್ಮಂಥ ಮಾಣಿಗಳಿಗಾಗಿ. ಕಷ್ಟದ ಕಥೆ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸಲು ಇದನ್ನು ಹೇಳುತ್ತಿಲ್ಲ. ಸಿಇಟಿಗೆ ಬೇಕಾದ ಪಾಠ ನನಗೆ ಸಿಕ್ಕಿದ್ದು ಶಾಲೆಯಲ್ಲಲ್ಲ, ಹೋಟೆಲಿನಲ್ಲಿ.

ನಮ್ಮ ಯಜಮಾನರು ರಾತ್ರಿ ಶಟರ್ ಅರ್ಧ ಇಳಿಸಿ ಗಲ್ಲಾ ಲೆಕ್ಕಕ್ಕೆ ಕೂರುತ್ತಿದ್ದರು. ಬಿಲ್ಲಿನ ಮೊತ್ತಕ್ಕೂ ಪೆಟ್ಟಿಗೆಯ ಕಾಸಿಗೂ ತಾಳೆ ಆಗದಿದ್ದರೆ, 'ನಾಳೆ ಇನ್ನೂ ಜಾಸ್ತಿ ವ್ಯಾಪಾರ ಮಾಡೋಣ' ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಎಲ್ಲಿ ಸೋರಿತು ಎಂದು ಹುಡುಕುತ್ತಿದ್ದರು. ಹಾಲು ಒಡೆಯಿತಾ, ಪಾರ್ಸೆಲಿನ ದುಡ್ಡು ಬರಲಿಲ್ಲವಾ, ಯಾರಾದರೂ ಎರಡು ಕಾಫಿಗೆ ಒಂದು ಬಿಲ್ ಹಾಕಿದರಾ? ಹುಡುಕಿ ಮುಗಿಯುವ ತನಕ ನಮಗೂ ನಿದ್ದೆ ಇಲ್ಲ.

ನಮ್ಮ ಮಕ್ಕಳು ಮಾಡುವುದು ಇದಕ್ಕೆ ಉಲ್ಟಾ. ಮಾಕ್ ಟೆಸ್ಟಿನಲ್ಲಿ 200ಕ್ಕೆ 90 ಬರುತ್ತದೆ. ಪೇಪರ್ ಮಡಚಿ ಒಳಗಿಡುತ್ತಾರೆ. 'ನಾಳೆಯಿಂದ ಜಾಸ್ತಿ ಓದ್ತೇನೆ ಸರ್.' ಎಲ್ಲಿಂದ ಜಾಸ್ತಿ ಓದುತ್ತೀರಿ? ಇರುವುದೇ ಎರಡು ಗಂಟೆ.

ಮೊದಲು ಪರೀಕ್ಷೆಯ ಅಳತೆ ನೋಡೋಣ. ಇಲ್ಲಿ ಹೆಚ್ಚಿನವರು ಇಂಜಿನಿಯರಿಂಗ್ ಸೇರಲು ಮಹಾರಾಷ್ಟ್ರ ನಡೆಸುವ ಎಂಎಚ್‌ಟಿ-ಸಿಇಟಿ ಬರೆಯುವವರು, ಹಾಗಾಗಿ ಅದನ್ನೇ ಹಿಡಿಯುತ್ತೇನೆ. ಫಿಸಿಕ್ಸ್ 50 ಪ್ರಶ್ನೆ, ಕೆಮಿಸ್ಟ್ರಿ 50 ಪ್ರಶ್ನೆ, ಒಂದಕ್ಕೆ 1 ಅಂಕ. ಎರಡೂ ಸೇರಿ 90 ನಿಮಿಷ. ಆಮೇಲೆ ಮ್ಯಾಥ್ಸ್ 50 ಪ್ರಶ್ನೆ, ಒಂದಕ್ಕೆ 2 ಅಂಕ, ಅದಕ್ಕೆ ಬೇರೆಯೇ 90 ನಿಮಿಷ. ಒಟ್ಟು 200. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೂರಕ್ಕೆ ಸುಮಾರು 80 ಭಾಗ ಹನ್ನೆರಡನೇ ತರಗತಿಯದ್ದು, 20 ಭಾಗ ಹನ್ನೊಂದನೆಯದ್ದು. ಹನ್ನೊಂದನೆಯದರಲ್ಲೂ ಎಲ್ಲ ಪಾಠ ಇಲ್ಲ, ಆರಿಸಿದ ಕೆಲವು ಮಾತ್ರ.

ಇಷ್ಟರಲ್ಲೇ ಅರ್ಧ ತೀರ್ಮಾನ ಇದೆ. ಸಮಯ ಕಡಿಮೆ ಇರುವವರು ಹನ್ನೆರಡನೆಯದ್ದನ್ನು ಮೊದಲು ಹಿಡಿಯಬೇಕು. ಬೋರ್ಡ್ ಪರೀಕ್ಷೆಗೂ ಅದೇ ಪಾಠ, ಒಂದು ಕೆಲಸಕ್ಕೆ ಎರಡು ಕೂಲಿ. ಹನ್ನೊಂದನೆಯದು ಬೋರ್ಡ್ ಮುಗಿದ ಮೇಲೆ, ಸಿಇಟಿ ತನಕ ಸಿಗುವ ವಾರಗಳಿಗೆ ಇರಲಿ. ಆದರೆ ಪೂರ್ತಿ ಬಿಡಬೇಡಿ. ಮೂರೂ ವಿಷಯ ಸೇರಿ ಸುಮಾರು 40 ಅಂಕ ಅಲ್ಲಿದೆ.

ಈಗ ಗಲ್ಲಾ ಲೆಕ್ಕಕ್ಕೆ ಬರೋಣ. ಒಂದು ಭಾನುವಾರ ಮೂರು ಗಂಟೆ ಕೂತು ಪೂರ್ತಿ ಟೆಸ್ಟ್ ಬರೆಯಿರಿ. ಊಟ ಮಾಡಿ. ಮತ್ತೆ ಮೂರು ಗಂಟೆ ಕೂತು ಅದರ ಪೋಸ್ಟ್‌ಮಾರ್ಟಂ ಮಾಡಿ. ಹೌದು, ಬರೆಯಲು ಎಷ್ಟು ಹೊತ್ತೋ ನೋಡಲೂ ಅಷ್ಟೇ ಹೊತ್ತು. ತಪ್ಪಾದ ಒಂದೊಂದು ಪ್ರಶ್ನೆಯನ್ನೂ ಮೂರು ರಾಶಿಗೆ ಹಾಕಿ. ಗೊತ್ತಿದ್ದೂ ತಪ್ಪಿದ್ದು ಒಂದು ರಾಶಿ. ಅರ್ಧಂಬರ್ಧ ಗೊತ್ತಿದ್ದದ್ದು ಇನ್ನೊಂದು. ಏನೇನೂ ಗೊತ್ತಿಲ್ಲದ್ದು ಮೂರನೆಯದು.

ಎಲ್ಲರೂ ಮೂರನೇ ರಾಶಿಯ ಹಿಂದೆ ಓಡುತ್ತಾರೆ. 'ಸರ್, ರೊಟೇಶನಲ್ ಡೈನಾಮಿಕ್ಸ್ ಏನೂ ಬರುವುದಿಲ್ಲ, ಮೊದಲಿನಿಂದ ಮಾಡ್ತೇನೆ' ಅಂತ. ಎರಡು ವಾರ ಅದಕ್ಕೆ ಹೋಗುತ್ತದೆ, ಬರುವುದು ಕೆಲವೇ ಅಂಕ. ನಿಮ್ಮ ಎರಡು ಗಂಟೆ ಹೋಗಬೇಕಾದದ್ದು ನಡುವಿನ ರಾಶಿಗೆ. ಅಲ್ಲಿ ಮುಕ್ಕಾಲು ದಾರಿ ನಡೆದಾಗಿದೆ, ಕಾಲು ದಾರಿಗೆ ಮಾತ್ರ ಕೂಲಿ ಕೊಡಬೇಕು.

ಒಂದು ಉದಾಹರಣೆ. ಗ್ರಾವಿಟೇಶನ್ ಪಾಠದ ಹಳೇ ಮಾದರಿ ಪ್ರಶ್ನೆ. ಭೂಮಿಯ ಮೇಲ್ಮೈಯಿಂದ ಭೂಮಿಯ ತ್ರಿಜ್ಯದಷ್ಟೇ ಎತ್ತರಕ್ಕೆ ಹೋದರೆ ಗುರುತ್ವದ ವೇಗವರ್ಧನೆ ಎಷ್ಟು? ಕೆಳಗೆ ಅದು 9.8. ಆಪ್ಶನ್‌ಗಳು 9.8, 4.9, 2.45 ಮತ್ತು 19.6. ನಮ್ಮ ಹುಡುಗನೊಬ್ಬ 9.8 ಎಂದು ಬರೆದ. ನಾನು ಕೇಳಿದೆ, ಹೇಗಪ್ಪಾ? 'ದೂರ ಒಂದು ತ್ರಿಜ್ಯ ತಾನೇ ಸರ್?' ಅಂದ. ಅವನಿಗೆ ಸೂತ್ರ ಬಾಯಿಪಾಠ. ಆದರೆ ದೂರವನ್ನು ಅಳೆಯಬೇಕಾದದ್ದು ಭೂಮಿಯ ಕೇಂದ್ರದಿಂದ ಎಂಬುದು ತಲೆಯಲ್ಲಿ ಕೂತಿರಲಿಲ್ಲ. ಕೇಂದ್ರದಿಂದ ಅಳೆದರೆ ದೂರ ಎರಡು ತ್ರಿಜ್ಯ. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು. ಉತ್ತರ 2.45.

ಪಕ್ಕದ ಹುಡುಗಿ 4.9 ಎಂದು ಬರೆದಿದ್ದಳು. ಅವಳು ಕೇಂದ್ರದಿಂದ ಸರಿಯಾಗಿ ಅಳೆದಳು, ವರ್ಗ ಮಾಡುವುದನ್ನು ಮರೆತಳು. ನೋಡಿ, ಇಬ್ಬರಿಗೂ ಹೋದದ್ದು ಒಂದೇ ಅಂಕ, ಕಾಯಿಲೆ ಬೇರೆ ಬೇರೆ. ಪ್ರಶ್ನೆ ಬರೆಯುವವರು ತಪ್ಪು ಆಪ್ಶನ್‌ಗಳನ್ನು ಸುಮ್ನೆ ಹಾಕುವುದಿಲ್ಲ. ನೀವು ಯಾವ ತಪ್ಪು ಮಾಡುತ್ತೀರಿ ಎಂದು ಊಹಿಸಿ, ಅದರ ಉತ್ತರವನ್ನೇ ಅಲ್ಲಿ ಇಟ್ಟಿರುತ್ತಾರೆ. ಆದ್ದರಿಂದ ತಪ್ಪು ಉತ್ತರವೇ ನಿಮ್ಮ ರಿಪೋರ್ಟು. 'ತಪ್ಪಾಯಿತು' ಎಂದು ಕೆಂಪು ಗೆರೆ ಎಳೆದು ಬಿಡಬೇಡಿ. ಯಾವ ತಪ್ಪು ಅಂತ ಒಂದು ಸಾಲು ಬರೆಯಿರಿ. ಒಂದು ನೂರು ಪುಟದ ನೋಟ್‌ಬುಕ್ ಇಡಿ, ಅದರಲ್ಲಿ ಬೇರೇನೂ ಬೇಡ. ಹುಡುಗ ಬರೆದ ಸಾಲು ಹೀಗಿತ್ತು: 'ಎತ್ತರ ಬೇರೆ, ದೂರ ಬೇರೆ.' ಅಷ್ಟು ಸಾಕು.

ಒಂದನೇ ರಾಶಿ, ಗೊತ್ತಿದ್ದೂ ತಪ್ಪಿದ್ದು. ಇದನ್ನು ಮಕ್ಕಳು 'ಸಿಲ್ಲಿ ಮಿಸ್ಟೇಕ್' ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸುವುದಿಲ್ಲ. ಹೆಸರು ಚಿಕ್ಕದಾದರೆ ಗಮನವೂ ಚಿಕ್ಕದಾಗುತ್ತದೆ. ಇಲ್ಲಿ ಹೋದ ಅಂಕವೂ ಪೂರ್ತಿ ಅಂಕವೇ. ಪರೀಕ್ಷೆ ಇರುವುದು ಕಂಪ್ಯೂಟರಿನಲ್ಲಿ, ಹಾಗಾಗಿ ಪ್ರಶ್ನೆ ಸ್ಕ್ರೀನಿನಲ್ಲಿ, ಲೆಕ್ಕ ಕಾಗದದಲ್ಲಿ. ಅಲ್ಲಿಂದ ಇಲ್ಲಿಗೆ ಇಳಿಸುವಾಗ ಮೈನಸ್ ಪ್ಲಸ್ ಆಗುತ್ತದೆ. 'ಯಾವುದು ಸರಿಯಲ್ಲ' ಎಂದು ಕೇಳಿದರೆ ಸರಿಯಾದದ್ದನ್ನು ಒತ್ತಿ ಬರುತ್ತಾರೆ. ಮನೆಯಲ್ಲಿ ಪುಸ್ತಕದ ಮೇಲೆಯೇ ಪೆನ್ಸಿಲಿನಲ್ಲಿ ಗುರುತು ಮಾಡಿ ಅಭ್ಯಾಸ ಮಾಡಿದವರಿಗೆ ಈ ತೊಂದರೆ ಹೆಚ್ಚು. ವಾರಕ್ಕೊಂದಾದರೂ ಟೆಸ್ಟನ್ನು ಕಂಪ್ಯೂಟರಿನಲ್ಲೇ ಬರೆಯಿರಿ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಅಪ್ಪನದ್ದು ಸ್ಟೇಷನ್ ಹತ್ತಿರ ಜ್ಯೂಸ್ ಸ್ಟಾಲ್, ಸಂಜೆ ಇವನು ಅಲ್ಲಿ ನಿಲ್ಲಬೇಕು. ನಾನು ಅವನಿಗೆ ಭಾರೀ ಟೈಮ್‌ಟೇಬಲ್ ಮಾಡಿಕೊಟ್ಟೆ. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು, ನಾಲ್ಕೂವರೆಗೆ ಫಿಸಿಕ್ಸ್, ಮೂರು ಬಣ್ಣದ ಪೆನ್ನು, ಎಲ್ಲ. ಮೂರನೇ ದಿನ ಅವನು ಏಳಲಿಲ್ಲ. ಐದನೇ ದಿನ ನನಗೆ ಮುಖ ತೋರಿಸಲು ನಾಚಿಕೊಂಡ. ಆಮೇಲೆ ಬರುವುದನ್ನೇ ಬಿಟ್ಟ. ತಪ್ಪು ಅವನದ್ದಲ್ಲ. ರಾತ್ರಿ ಹನ್ನೊಂದೂವರೆಗೆ ಸ್ಟಾಲ್ ಮುಚ್ಚುವವನಿಗೆ ನಾಲ್ಕು ಗಂಟೆಯ ಪಾಠ ಹೇಳಿದ್ದು ನಾನು.

ಅಂದಿನಿಂದ ನಾನು ಟೈಮ್‌ಟೇಬಲ್ ಮಾಡಿಕೊಡುವುದಿಲ್ಲ. ಒಂದು ವಾರ ಏನನ್ನೂ ಬದಲಿಸದೆ, ಯಾವ ಹೊತ್ತು ಹೇಗೆ ಹೋಯಿತು ಎಂದು ಬರೆಯಲು ಹೇಳುತ್ತೇನೆ. ಆಗ ಎರಡು ಗಂಟೆ ತಾನಾಗಿ ಕಾಣಿಸುತ್ತದೆ. ಒಂದೇ ಕಡೆ ಇರುವುದಿಲ್ಲ, ನಲವತ್ತು ನಿಮಿಷ ಇಲ್ಲಿ, ಅರ್ಧ ಗಂಟೆ ಅಲ್ಲಿ. ಚೂರು ಚೂರಾದರೂ ಅಡ್ಡಿಯಿಲ್ಲ. ಲೆಕ್ಕ ಬಿಡಿಸಲು ನಲವತ್ತು ನಿಮಿಷದ ತುಂಡು ಬೇಕು. ಕೆಮಿಸ್ಟ್ರಿಗೆ ಹದಿನೈದು ನಿಮಿಷವೂ ಸಾಕು.

ಲೋಕಲ್ ಟ್ರೇನಿನ ಬಗ್ಗೆ ಹಲವರು ಕೇಳುತ್ತಾರೆ. ಟ್ರೇನಿನಲ್ಲಿ ಓದಿ ಎಂದು ಹೇಳುವವರು ಬೆಳಿಗ್ಗೆ ಎಂಟರ ಫಾಸ್ಟ್ ಲೋಕಲ್ ಹತ್ತಿದವರಲ್ಲ. ಪುಸ್ತಕ ಬಿಡಿ, ಕೈ ಎತ್ತಿದರೆ ಇಳಿಸಲು ಜಾಗವಿಲ್ಲ. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವನಾಗಿ ಕೂರುವ ಫೋರ್ತ್ ಸೀಟ್ ಸಿಕ್ಕವನಿಗೂ ಅರ್ಧ ಮೈಗೆ ಮಾತ್ರ ಸೀಟು. ಅಲ್ಲಿ ಓದುವುದು ಬೇಡ, ನೆನಪಿಸಿಕೊಳ್ಳಿ. ಮನೆ ಬಿಡುವ ಮೊದಲು ಒಂದು ಪುಟ ನೋಡಿ. ಥಾಣೆ ಸ್ಟೇಷನ್ ಬರುವ ತನಕ ಆ ಪುಟದಲ್ಲಿ ಏನಿತ್ತು ಎಂದು ತಲೆಯಲ್ಲೇ ಬಿಡಿಸಿ. ಎಲ್ಲಿ ತಡವರಿಸಿತೋ ಅದನ್ನು ಕಾಲೇಜಿಗೆ ಹೋಗಿ ತೆರೆದು ನೋಡಿ.

ಇದು ನನ್ನ ತಲೆಯಿಂದ ಬಂದ ಉಪಾಯವಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪು ಒಂದು ಸರದಿ ಓದಿ, ಪಾಠ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಮೂರು ಸರದಿ ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಓದಿದವರೇ ಮುಂದೆ, ಅವರಿಗೆ ಶೇ. 83, ಬರೆದವರಿಗೆ ಶೇ. 71. ಒಂದು ವಾರ ಬಿಟ್ಟು ನೋಡಿದಾಗ ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇಲ್ಲವಲ್ಲ?

ಅಮ್ಮಂದಿರಿಗೆ ಇಲ್ಲಿ ಒಂದು ಮಾತು. ಹೀಗೆ ಓದುವ ಮಗು ಓದುತ್ತಿರುವ ಹಾಗೆ ಕಾಣುವುದಿಲ್ಲ. ಪುಸ್ತಕ ಮುಚ್ಚಿಕೊಂಡು ಫ್ಯಾನ್ ನೋಡುತ್ತಾ ಕೂತಿರುತ್ತದೆ. ಬೈಯಬೇಡಿ. ಹಾಗೆಂದು ಫ್ಯಾನ್ ನೋಡುವವರೆಲ್ಲ ಓದುತ್ತಿದ್ದಾರೆ ಎಂದೂ ಅಲ್ಲ. ಅನುಮಾನ ಬಂದರೆ ಹತ್ತು ನಿಮಿಷ ಬಿಟ್ಟು ಒಂದು ಹಾಳೆ ಕೊಟ್ಟು, ಬರಿ ನೋಡುವ ಅನ್ನಿ.

ಯಾವ ಪಾಠ ಮೊದಲು? ಕೆಮಿಸ್ಟ್ರಿಗೆ ಬಾಲಭಾರತಿಯ, ಅಂದರೆ ಮಹಾರಾಷ್ಟ್ರ ಸರಕಾರದ, ಪಠ್ಯಪುಸ್ತಕವೇ ಸಾಕು, ಸಾಲು ಸಾಲಾಗಿ. ಸಿಇಟಿ ಇರುವುದು ಸ್ಟೇಟ್ ಬೋರ್ಡಿನ ಪಠ್ಯದ ಮೇಲೆ. ಹನ್ನೆರಡನೆಯದರ ಕೊನೆಯಲ್ಲಿರುವ ಪಾಲಿಮರ್, ಗ್ರೀನ್ ಕೆಮಿಸ್ಟ್ರಿ ಪಾಠಗಳನ್ನು ಕೊನೆಯಲ್ಲಿವೆ ಎಂಬ ಕಾರಣಕ್ಕೇ ಮಕ್ಕಳು ಬಿಡುತ್ತಾರೆ. ಎರಡು ಸಂಜೆಯ ಕೆಲಸ ಅದು. ಸಿಬಿಎಸ್‌ಇ ಮಕ್ಕಳು ಆ ಪುಸ್ತಕ ಒಂದನ್ನು ತಂದುಕೊಳ್ಳಿ, ನಿಮ್ಮಲ್ಲಿ ಇಲ್ಲದ ಪಾಠಗಳು ಅದರಲ್ಲಿ ಸಿಗುತ್ತವೆ.

ಮ್ಯಾಥ್ಸ್‌ನಲ್ಲಿ ಇಂಟಿಗ್ರೇಶನ್ ದೊಡ್ಡ ಸಮುದ್ರ. ಈಜಲು ಬರುವವರು ಹೋಗಿ. ಸಮಯ ಇಲ್ಲದವರು ಮೊದಲು ಮ್ಯಾಥಮ್ಯಾಟಿಕಲ್ ಲಾಜಿಕ್, ಮ್ಯಾಟ್ರಿಕ್ಸ್, ಲೀನಿಯರ್ ಪ್ರೋಗ್ರಾಮಿಂಗ್, ಬೈನಾಮಿಯಲ್ ಡಿಸ್ಟ್ರಿಬ್ಯೂಶನ್ ಮುಗಿಸಿ. ಲಾಜಿಕ್ ನನಗೆ ತುಂಬಾ ಇಷ್ಟ. 'ಜೋರು ಮಳೆ ಬಂದರೆ ಲೋಕಲ್ ನಿಲ್ಲುತ್ತದೆ.' ಇದರ ನಿಷೇಧ, ಅಂದರೆ ನೆಗೇಶನ್, ಹೇಳಿ ಎಂದರೆ ಕ್ಲಾಸಿನಲ್ಲಿ ಅರ್ಧ ಜನ 'ಮಳೆ ಬರದಿದ್ದರೆ ಲೋಕಲ್ ನಿಲ್ಲುವುದಿಲ್ಲ' ಎನ್ನುತ್ತಾರೆ. ಅಲ್ಲ. ಯಾರಾದರೂ ಈ ಮಾತು ಹೇಳಿದಾಗ ಅವರನ್ನು ಸುಳ್ಳುಗಾರ ಮಾಡಬೇಕಾದರೆ ಏನಾಗಬೇಕು? ಮಳೆ ಬರಬೇಕು, ಆದರೂ ಲೋಕಲ್ ಓಡಬೇಕು. 'ಜೋರು ಮಳೆ ಬಂತು, ಆದರೂ ಲೋಕಲ್ ನಿಲ್ಲಲಿಲ್ಲ.' ಇಷ್ಟೇ ನಿಷೇಧ. ಮುಂಬೈಯಲ್ಲಿ ಇದು ಸತ್ಯವಾಗುವುದು ಅಪರೂಪ, ಆ ಮಾತು ಬೇರೆ. ಆದರೆ ಈ ಒಂದು ವಾಕ್ಯ ನೆನಪಿದ್ದರೆ 2 ಅಂಕ ನಿಮ್ಮ ಕಿಸೆಯಲ್ಲಿ.

ಇನ್ನು ಪರೀಕ್ಷೆಯ ಹಾಲಿನೊಳಗೆ. ಮೊದಲ 90 ನಿಮಿಷದಲ್ಲಿ 100 ಪ್ರಶ್ನೆ, ಅಂದರೆ ಒಂದಕ್ಕೆ 54 ಸೆಕೆಂಡು. ಆದರೆ ಎಲ್ಲದಕ್ಕೂ 54 ಬೇಕಾಗಿಲ್ಲ. ಕೆಮಿಸ್ಟ್ರಿಯಲ್ಲಿ ಹೆಚ್ಚಿನದು ನೆನಪಿನ ಪ್ರಶ್ನೆ. ಒಂದೋ ಗೊತ್ತು, ಇಲ್ಲವೋ ಗೊತ್ತಿಲ್ಲ, ನೋಡುತ್ತಾ ಕೂತರೆ ಹೊಳೆಯುವುದಿಲ್ಲ. ಕೆಮಿಸ್ಟ್ರಿ ಮೊದಲು ಹಿಡಿದು ಮೂವತ್ತು ನಿಮಿಷದೊಳಗೆ ಮುಗಿಸಿದರೆ ಫಿಸಿಕ್ಸ್‌ಗೆ ಒಂದು ಗಂಟೆ ಉಳಿಯುತ್ತದೆ. ಮಧ್ಯಾಹ್ನ ಹೋಟೆಲಿನಲ್ಲಿ ಮೊದಲು ಚಹಾ ಕೇಳಿದವನನ್ನು ಕಳಿಸುತ್ತಾರೆ, ಊಟದವನನ್ನು ಕೂರಿಸುತ್ತಾರೆ. ಚಹಾದವನನ್ನು ಕಾಯಿಸಿದರೆ ಮೇಜೇ ಖಾಲಿಯಾಗುವುದಿಲ್ಲ.

ಮ್ಯಾಥ್ಸ್‌ನಲ್ಲಿ ಒಂದಕ್ಕೆ 108 ಸೆಕೆಂಡು. ಇಲ್ಲಿ ಆಪ್ಶನ್‌ಗಳನ್ನು ಕೆಲಸಕ್ಕೆ ಹಚ್ಚಿ. ಒಂದು ವೃತ್ತದ ಕೇಂದ್ರ (2, 3), ಅದು (5, 7) ಬಿಂದುವಿನ ಮೂಲಕ ಹೋಗುತ್ತದೆ, ಸಮೀಕರಣ ಯಾವುದು ಎಂದರೆ ಬಿಡಿಸುತ್ತಾ ಕೂರಬೇಡಿ. ನಾಲ್ಕು ಆಪ್ಶನ್‌ಗೂ 5, 7 ಹಾಕಿ ನೋಡಿ, ಸಾಮಾನ್ಯವಾಗಿ ಒಂದೆರಡು ಅಲ್ಲೇ ಉದುರುತ್ತವೆ. ಇಂಟಿಗ್ರೇಶನ್ ಬರದಿದ್ದರೆ ಆಪ್ಶನ್‌ಗಳನ್ನು ಡಿಫರೆನ್ಷಿಯೇಟ್ ಮಾಡಿ. ಇಳಿಯುವ ದಾರಿ ಗೊತ್ತಿದ್ದರೆ ಹತ್ತುವ ದಾರಿ ಹುಡುಕಬೇಕಾಗಿಲ್ಲ. ಕೆಲವು ಮೇಷ್ಟ್ರುಗಳಿಗೆ ಇದು ಕಳ್ಳದಾರಿ ಅನಿಸುತ್ತದೆ. ಮೂವತ್ತು ವರ್ಷ ಮ್ಯಾಥ್ಸ್ ಕಲಿಸಿದವನು ನಾನು, ನನಗೆ ಹಾಗೆ ಅನಿಸುವುದಿಲ್ಲ. ಉತ್ತರವನ್ನು ತಾಳೆ ನೋಡುವುದೂ ಗಣಿತವೇ.

ಮತ್ತೆ, ದಯವಿಟ್ಟು, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಮ್ಯಾಥ್ಸ್‌ನಲ್ಲಿ 15 ಪ್ರಶ್ನೆ ಖಾಲಿ ಬಿಟ್ಟು ಬಂದ ಹುಡುಗಿಯನ್ನು ಕೇಳಿದೆ, ಯಾಕಮ್ಮಾ? 'ಗೊತ್ತಿರಲಿಲ್ಲ ಸರ್, ಸುಳ್ಳು ಯಾಕೆ ಬರೆಯುವುದು?' ಒಳ್ಳೆ ಮನೆಯ ಮಗಳು. ಆದರೆ 15 ಪ್ರಶ್ನೆಗೆ 30 ಅಂಕ. ಕಣ್ಣು ಮುಚ್ಚಿ ಒತ್ತಿದ್ದರೂ ನಾಲ್ಕರಲ್ಲಿ ಒಂದರಂತೆ ಸರಾಸರಿ ಏಳೆಂಟು ಅಂಕ ಬರುತ್ತಿತ್ತು. ಪ್ರತಿ ವಿಭಾಗದ ಕೊನೆಯ ಎರಡು ನಿಮಿಷ ಇದಕ್ಕೇ ಮೀಸಲಿಡಿ. ನೆನಪಿಡಿ, ಮೊದಲ ವಿಭಾಗದ 90 ನಿಮಿಷ ಮುಗಿದರೆ ಫಿಸಿಕ್ಸ್‌ಗೆ ವಾಪಸ್ ಹೋಗಲು ಬಿಡುವುದಿಲ್ಲ.

ದೇಶಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ಬರೆಯುವವರು ಈ ಮಾತನ್ನು ಅಲ್ಲಿಗೆ ಒಯ್ಯಬೇಡಿ. ಅಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಒಂದೆರಡು ಆಪ್ಶನ್ ಉದುರಿಸಲು ಆಗುವಲ್ಲಿ ಮಾತ್ರ ಕೈ ಹಾಕಿ.

ಏಳೆಂಟು ಅಂಕದಿಂದ ಏನಾಗುತ್ತದೆ ಎಂದು ಕೇಳಬಹುದು. ಇಲ್ಲಿ ಪರ್ಸೆಂಟೈಲ್ ಅರ್ಥ ಮಾಡಿಕೊಳ್ಳಬೇಕು. ಪರೀಕ್ಷೆ ಹಲವು ದಿನ, ಹಲವು ಪಾಳಿಯಲ್ಲಿ ನಡೆಯುತ್ತದೆ. 90 ಪರ್ಸೆಂಟೈಲ್ ಅಂದರೆ 90 ಅಂಕ ಅಲ್ಲ. ನಿಮ್ಮ ಪಾಳಿಯಲ್ಲಿ ಬರೆದ 100 ಜನರಲ್ಲಿ 90 ಜನರ ಅಂಕ ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ಎಂದು. ಸಂಜೆ ಆರಕ್ಕೆ ದಾದರ್ ಬ್ರಿಜ್ ನೆನಪಿಸಿಕೊಳ್ಳಿ. ನಡುವೆ ಜನ ಕಿಕ್ಕಿರಿದಿರುತ್ತಾರೆ, ಅಲ್ಲಿ ನಾಲ್ಕು ಹೆಜ್ಜೆ ಮುಂದೆ ಹೋದರೆ ಐವತ್ತು ಜನರನ್ನು ದಾಟಿರುತ್ತೀರಿ. ಬ್ರಿಜ್ಜಿನ ತುದಿಯಲ್ಲಿ ಜನ ಚೆದುರಿರುತ್ತಾರೆ, ಅಲ್ಲಿ ನಾಲ್ಕು ಹೆಜ್ಜೆಗೆ ಇಬ್ಬರು. ಮುಂಬೈಯ ಹೆಸರಾಂತ ಇಂಜಿನಿಯರಿಂಗ್ ಕಾಲೇಜು ವಿಜೆಟಿಐ ಬೇಕೆನ್ನುವವರು ತುದಿಯಲ್ಲಿ ಓಡುವವರು, ಅವರ ಲೆಕ್ಕ ಬೇರೆ. ನಡುವೆ ಸಿಕ್ಕಿಕೊಂಡವರಿಗೆ ಏಳೆಂಟು ಅಂಕ ಎಂದರೆ ಮನೆಗೆ ಹತ್ತಿರದ ಒಳ್ಳೆ ಕಾಲೇಜು ಸಿಗುವುದಕ್ಕೂ ಎರಡು ಟ್ರೇನ್ ಬದಲಿಸಬೇಕಾದ ಕಾಲೇಜು ಸಿಗುವುದಕ್ಕೂ ಇರುವ ವ್ಯತ್ಯಾಸ ಆಗಬಹುದು.

ಮುಂದಿನ ಸಾಲಿನ ಅಕ್ಕ ಆಗಿನಿಂದ ಏನೋ ಕೇಳಬೇಕು ಎಂದು ಕೂತಿದ್ದಾರೆ. ಕೇಳಿ ಅಕ್ಕಾ. ಕೋಚಿಂಗ್ ಕ್ಲಾಸಿಗೆ ಹಾಕಲೇಬೇಕಾ ಎಂದು ಕೇಳುತ್ತಿದ್ದಾರೆ. ಕ್ಲಾಸಿನಿಂದ ಉಪಯೋಗ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ದಿನಕ್ಕೆ ಎರಡೇ ಗಂಟೆ ಇರುವ ಮಗು ಆ ಎರಡು ಗಂಟೆಯನ್ನೂ ಬೇರೆಯವರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವುದನ್ನು ನೋಡುತ್ತಾ ಕಳೆದರೆ ತಾನು ಬಿಡಿಸುವುದು ಯಾವಾಗ? ಸಮಯ ಅಷ್ಟೇ ಇದ್ದರೆ ಟೆಸ್ಟ್ ಸಿರೀಸ್ ಮಾತ್ರ ಹಾಕಿಸಿ. ಖರ್ಚೂ ಕಡಿಮೆ.

ಕರ್ನಾಟಕದ ಸಿಇಟಿ? ಹೊರನಾಡ ಕನ್ನಡಿಗರಿಗೆ ಅಲ್ಲೂ ಒಂದು ದಾರಿ ಇದೆ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಅಲ್ಲೂ ಮೈನಸ್ ಇಲ್ಲ. ಆದರೆ ಆ ದಾರಿಯಲ್ಲಿ ಕನ್ನಡದ ಪರೀಕ್ಷೆಯೂ ಉಂಟು. ಮನೆಯಲ್ಲಿ ಮಾತಾಡಲು ಬಂದರೆ ಸಾಲದು, ಬರೆಯಲು ಬರಬೇಕು. ಯಾಕೆ ನಗುತ್ತೀರಿ? ಅಜ್ಜನಿಗೆ ಒಂದು ಕಾಗದ ಬರೆದು ನೋಡಿ, ಎಷ್ಟು ಒತ್ತಕ್ಷರ ನೆನಪಿದೆ ಎಂದು ಗೊತ್ತಾಗುತ್ತದೆ. ನಿಯಮಗಳನ್ನು ಮಾತ್ರ ಆಯಾ ವರ್ಷದ ಕೈಪಿಡಿಯಲ್ಲೇ ನೋಡಿ, ಪಕ್ಕದ ಮನೆಯವರನ್ನು ಕೇಳಬೇಡಿ.

ಕೊನೆಯದಾಗಿ ಸಣ್ಣಪುಟ್ಟ ಸಂಗತಿ. ಪರೀಕ್ಷೆ ಭಾನುವಾರ ಬಿದ್ದರೆ ಹಳಿ ದುರಸ್ತಿಗೆ ಟ್ರೇನ್ ನಿಲ್ಲಿಸುವ ಮೆಗಾಬ್ಲಾಕ್ ಎಲ್ಲಿದೆ ಎಂದು ಶನಿವಾರವೇ ನೋಡಿಕೊಳ್ಳಿ. ಸೆಂಟರ್ ಗೊತ್ತಿಲ್ಲದ ಕಡೆ ಬಂದರೆ ಮೊದಲೇ ಒಂದು ಸಲ ಹೋಗಿ ಗೇಟು ನೋಡಿ ಬನ್ನಿ. ಹಿಂದಿನ ರಾತ್ರಿ ಹೊಸದೇನೂ ಓದಬೇಡಿ, ತಪ್ಪಿನ ನೋಟ್‌ಬುಕ್ ಒಂದು ಸಲ ತಿರುವಿ ಮಲಗಿ. ಹಾಲ್ ಟಿಕೆಟ್, ಗುರುತಿನ ಚೀಟಿ ಚೀಲದಲ್ಲಿರಲಿ. ಒಳಗೆ ಕ್ಯಾಲ್ಕ್ಯುಲೇಟರ್ ಬಿಡುವುದಿಲ್ಲ, ಆದ್ದರಿಂದ 17ರ ಮಗ್ಗಿಗೆ ಫೋನ್ ತೆಗೆಯುವವರು ಇವತ್ತೇ ಆ ಅಭ್ಯಾಸ ಬಿಡಿ.